ಚರವೋ ಸ್ಥಿರವೋ

ಅಳತೆಗೆ ಬಂದ ಹುಡುಗ ಕೇಳಿದ:
ಈ ಜೈಂಟ್ ವೀಲು
ಚರಾಸ್ತಿಗೆ ಬರೆಯಲೋ, ಸ್ಥಿರಾಸ್ತಿಗೋ?

ಇಪ್ಪತ್ತೆಂಟು ವರ್ಷ ಅದರ ಲಿವರು ಹಿಡಿದ ಇನಾಸಪ್ಪ
ಬೀಡಿ ಆರಿಸಿದ.
ತಿರುಗುತ್ತೆ ಸ್ವಾಮಿ, ಅಂದ,
ಎಲ್ಲಿಗೂ ಹೋಗಲ್ಲ.
ನನ್ನ ಪಕ್ಕದಲ್ಲೇ ಬರ್ಕೊಳ್ಳಿ.

ಹುಡುಗ ನಗಲಿಲ್ಲ.
ಪೆನ್ನಿನ ತುದಿ ಕಚ್ಚಿ ಯೋಚಿಸಿ
ಎರಡು ಕಾಲಮ್ಮಿನ ನಡುಗೆರೆಯ ಮೇಲೆ
ಒಂದು ಚುಕ್ಕಿ ಇಟ್ಟ.

ಹೆಸರಘಟ್ಟ ರಸ್ತೆಯಿಂದ ಎಡಕ್ಕೆ ಹೊರಳಿದರೆ ಕಮಾನು,
ಗಗನವಿಹಾರ ಎಂದಿತ್ತು.
ಹೋದ ಆಷಾಢದ ಗಾಳಿಗೆ 'ವಿ' ಬಿದ್ದು
ಈಗ ಗಗನಹಾರ, ಯಾರ ಕೊರಳಿಗೋ.
ಕೆಳಗಿನ ಹೊಸ ಬೋರ್ಡಿನಲ್ಲಿ ಅಕ್ಷರ ಒಂದೂ ಬಿದ್ದಿಲ್ಲ:
ಹನ್ನೊಂದು ಎಕರೆ ಏಳು ಗುಂಟೆ,
ಎ ಖಾತಾ, ಮೂಲೆ ಜಾಗ,
ದಲ್ಲಾಳಿಗಳು ಬೇಡ.

ದಲ್ಲಾಳಿಗಳೇ ಬರುತ್ತಾರೆ.
ಒಬ್ಬ ಅಲೆಯ ಕೊಳದ ಅಂಚಿಗೆ ನಿಂತು
ಬೇಸ್‌ಮೆಂಟಿಗೆ ಸಲೀಸು, ಅಗೆದೇ ಇದೆಯಲ್ಲ ಅಂದ.
ಇನ್ನೊಬ್ಬನಿಗೆ ಛತ್ರ ಬೇಕು. ಮತ್ತೊಬ್ಬನಿಗೆ ಗೋಡೌನು,
ಬೆಳಿಗ್ಗೆ ಬೆರಳೊತ್ತಿದ್ದು ಸಂಜೆ ಬಾಗಿಲು ತಟ್ಟುತ್ತದಲ್ಲ, ಆ ಥರದ್ದು.
ಬಿಳಿ ಸೀರೆಯ ಒಬ್ಬರು ಮಾತ್ರ
ಸ್ಕೂಲು ಮಾಡ್ತೀವಮ್ಮ, ಮಕ್ಕಳ ಗಲಾಟೆ ಹಾಗೇ ಇರುತ್ತೆ ಎಂದು
ನನ್ನ ಕೈ ಹಿಡಿದರು.
ಆಮೇಲೆ ಫೋನೆತ್ತಲಿಲ್ಲ.

ನನ್ನದು ಕಳೆದ ವಸ್ತುಗಳ ಕೌಂಟರು.
ತಾಯಕ್ಕ ಅಂತ ಹೆಸರು, ಕೂಗುವುದು ಕೌಂಟ್ರಕ್ಕ.
ಸಂಬಳ ಮೂರು ತಿಂಗಳದ್ದು ಬಾಕಿ,
ರಿಜಿಸ್ಟರಿನಲ್ಲಿ ಒಂದು ಸಾಲೂ ಬಾಕಿ ಇಲ್ಲ.

ಹುಡುಗನಿಗೆ ಕಪಾಟು ತೆರೆದು ತೋರಿಸಿದೆ.
ಒಂಟಿ ಚಪ್ಪಲಿ, ಮುನ್ನೂರ ಹದಿನೆಂಟು.
ಕನ್ನಡಕ ಒಂದು ಬಕೆಟ್ಟು.
ಹಲ್ಲುಸೆಟ್ಟು, ಕೆಳದವಡೆಯದು ಮಾತ್ರ:
ಮೇಲಿಂದ ಕಿರುಚುವಾಗ ಉದುರಿದ್ದು,
ನಾಚಿಕೆಗೆ ಯಾರೂ ಕೇಳಿಕೊಂಡು ಬರಲಿಲ್ಲ.

ಉಂಗುರ, ಒಂದು. ಕೊಳದ ಜಾಲರಿಯಲ್ಲಿ ಸಿಕ್ಕಿದ್ದು,
ಎರಡು ಸಾವಿರದ ಆರು, ವರ್ಷತೊಡಕಿನ ದಿನ.
ಒಳಗೆ ಮೃದುಲಾ ಎಂದು ಕೆತ್ತಿದೆ.
ಮೈಕಿನಲ್ಲಿ ಕೂಗಿದೆ. ಒಬ್ಬರು ಒಬ್ಬರೇ ಬಂದರು,
ಬೆರಳಿಗೆ ಹಾಕಿ ನೋಡಿದರು,
ಅದು ಸರಿಯಾಗಿ ಕೂತಿತು.
ನನ್ನದಲ್ಲ ಎಂದು ತೆಗೆದಿಟ್ಟು ಹೋದರು.

ಮಕ್ಕಳನ್ನೂ ಬರೆದಿದ್ದೇನೆ.
ಕೆಂಪು ನಿಕ್ಕರು, ವಯಸ್ಸು ನಾಲ್ಕಿರಬಹುದು,
ಅಮ್ಮನ ಹೆಸರೇನೋ ಅಂದರೆ ಅಮ್ಮ ಅನ್ನುತ್ತದೆ.
ಎದುರಿಗೆ ಹೆಬ್ಬೆಟ್ಟು, ಸಮಯ, 'ತಲುಪಿತು'.
ಹನ್ನೆರಡು ಪುಸ್ತಕ. ಎಲ್ಲಾ ತಲುಪಿವೆ.

ಇವನ್ನ ಎಲ್ಲಿಗೆ ಬರೀತೀಯಪ್ಪ?
ಮೌಲ್ಯ ಬರಲ್ಲ ಮೇಡಂ, ಅಂದ ಮೆಲ್ಲಗೆ,
ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ.

ಚಿಕ್ಕವನಿದ್ದಾಗ ಬಂದಿದ್ದೆಯಾ?
ಇಲ್ಲ. ಟಿಕೆಟ್ಟು ಜಾಸ್ತಿ ಇತ್ತು.
ನಾವು ಚಿಕ್ಕಬಾಣಾವರದವರು, ಭಾನುವಾರ ಸೈಕಲ್ಲಲ್ಲಿ ಬಂದು
ಕಾಂಪೌಂಡಿನ ಆಚೆ ಕೂತು
ನೀವು ಕಿರುಚೋದು ಕೇಳ್ತಿದ್ವಿ.

ಮಂಗಳವಾರ. ಮಂಗಳವಾರ ವೀಲು ಒಂದು ಸುತ್ತಾದರೂ ಸುತ್ತಬೇಕು,
ಇಲ್ಲದಿದ್ದರೆ ಬೇರಿಂಗು ಹಿಡಿದುಕೊಳ್ಳುತ್ತದೆ.
ಜನರಿಲ್ಲ, ತೂಕಕ್ಕೆ ಮರಳಿನ ಚೀಲ ಕೂರಿಸುತ್ತೇವೆ,
ಕಂಬಿ ಹಾಕಿ, ಭದ್ರವಾಗಿ.
ಇವತ್ತು ಇನಾಸಪ್ಪ ಒಂದು ಚೀಲ ಇಳಿಸಿದ.
ಹತ್ತಿ ಸ್ವಾಮಿ, ಅಳತೆ ಮೇಲಿಂದ ಚೆನ್ನಾಗಿ ಕಾಣುತ್ತೆ.

ಹತ್ತಿದ. ಫೈಲು ಎದೆಗವಚಿಕೊಂಡು,
ಹಿಂದೆ ಮುಂದೆ ಮರಳು, ನಡುವೆ ಅವನು,
ಕೀರಲು ಕಬ್ಬಿಣದ ಸದ್ದಿನಲ್ಲಿ ಏರಿದ.
ತುದಿಯಲ್ಲಿ ಇನಾಸಪ್ಪ ನಿಲ್ಲಿಸಿದ, ಯಾವಾಗಲೂ ನಿಲ್ಲಿಸುವಂತೆ.

ಅಲ್ಲಿಂದ ಏನು ಕಾಣುತ್ತದೋ ನನಗೂ ಗೊತ್ತು:
ಫ್ಲಾಟುಗಳ ಬಾಲ್ಕನಿಯಲ್ಲಿ ಯಾರಯಾರದೋ ಲುಂಗಿ,
ರೈಲು ಹಳಿ, ಟ್ಯಾಂಕರುಗಳ ಸಾಲು,
ಕಾಂಪೌಂಡಿನ ಆಚೆ ಸೈಕಲ್ಲು ನಿಲ್ಲಿಸುತ್ತಿದ್ದ ಜಾಗ.

ಏನೋ ಕೂಗಿದ.
ಅಂಕಿಯೋ, ಬರೀ ಕೂಗೋ, ಗಾಳಿಗೆ ತಿಳಿಯಲಿಲ್ಲ.
ಪುಟ್ಟದೊಂದು ಏನೋ ಬಿದ್ದು
ನನ್ನ ಕಾಲ ಹತ್ತಿರ ಪುಟಿಯಿತು.

ರಿಜಿಸ್ಟರು ತೆರೆದೆ:
ಪೆನ್ನು, ಒಂದು, ನೀಲಿ, ತುದಿ ಕಚ್ಚಿದ್ದು.
ಎದುರಿನ ಖಾನೆ ಹಾಗೇ ಬಿಟ್ಟೆ.
ಇನಾಸಪ್ಪನೂ ಲಿವರು ಮುಟ್ಟಲಿಲ್ಲ.